ದೂರದ ದೇಶದಲ್ಲಿ ಯಾರೋ ಗೆದ್ದರೆ ಜನಕ್ಕೆ ಯಾಕಿಷ್ಟು ಖುಷಿ?

ನಕ್ಷೆಪುಸ್ತಕ

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಇದೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

2008ರ ನವೆಂಬರ್‌ನಲ್ಲಿ ಒಬಾಮಾ ಗೆದ್ದಾಗ ಕೀನ್ಯಾದ ಅಧ್ಯಕ್ಷ ಮ್ವಾಯಿ ಕಿಬಾಕಿ ಇಡೀ ದೇಶಕ್ಕೆ ಒಂದು ದಿನ ಸರ್ಕಾರಿ ರಜೆ ಕೊಟ್ಟರು. ಬೇರೆ ದೇಶದ ಚುನಾವಣೆಗೆ ರಜೆ! ಒಬಾಮಾ ತಂದೆಯ ಊರು ಕೊಗೆಲೊದಲ್ಲಿ ಜನ ಕುಣಿದಾಡಿದರು. 2020ರಲ್ಲಿ ಕಮಲಾ ಹ್ಯಾರಿಸ್ ಉಪಾಧ್ಯಕ್ಷೆಯಾಗಿ ಗೆದ್ದಾಗ ತಮಿಳುನಾಡಿನ ತುಳಸೇಂದ್ರಪುರದಲ್ಲಿ ಪಟಾಕಿ ಹೊಡೆದರು. ಅದು ಅವರ ತಾಯಿಯ ತಂದೆಯ ಊರು. 2024ರಲ್ಲಿ ಅವರು ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅದೇ ಊರಿನ ದೇವಸ್ಥಾನದಲ್ಲಿ ಪೂಜೆ ಮಾಡಿಸಿದರು. ಸೋತರು, ಊರು ಮಂಕಾಯಿತು.

ಈ ಜನರಿಗೆ ಅಲ್ಲಿ ಓಟಿಲ್ಲ. ಗೆದ್ದವರು ಇವರಿಗೆ ರಸ್ತೆ ಹಾಕಿಸುವುದಿಲ್ಲ, ಕೆಲಸ ಕೊಡಿಸುವುದಿಲ್ಲ. ಆದರೂ ಕಣ್ಣಲ್ಲಿ ನೀರು ಬರುತ್ತದೆ. ಇದು ನಿಜವಾದ ಭರವಸೆಯಾ, ಇಲ್ಲಾ ಕ್ರಿಕೆಟ್ ಮ್ಯಾಚ್ ಗೆದ್ದ ಹಾಗೆ ಸುಮ್ನೆ ಒಂದು ರಾತ್ರಿಯ ಸಂಭ್ರಮವಾ? ಭರವಸೆಯೇ ಆದರೆ ಎಷ್ಟು ದಿನ ಬಾಳಿಕೆ ಬರುತ್ತದೆ? ಉದಾಹರಣೆ ಗೊತ್ತಿದ್ದವರು ಹೇಳಿ. ಅಮೆರಿಕ ಬಿಟ್ಟು ಬೇರೆ ದೇಶದ್ದಾದರೆ ಇನ್ನೂ ಒಳ್ಳೇದು.

ತಕರಾರು ತಮ್ಮಯ್ಯ

ಸಂಭ್ರಮ ಅಷ್ಟೇ. ಮುಂದಿನ ಪ್ರಶ್ನೆ ಕೇಳಿ.

ಚುಕ್ಕಿ

ತಮ್ಮಯ್ಯನವರೇ, ಶುರುವಾಗುವ ಮೊದಲೇ ಮಂಗಳ ಹಾಡಿಬಿಟ್ಟಿರಲ್ಲ!

ಹಳೇ ರೇಡಿಯೊ

ನಾನು ಆಗ ನೈರೋಬಿಯಲ್ಲಿ ಕೆಲಸದಲ್ಲಿದ್ದೆ. ಹಾಗಾಗಿ ಒಂದೆರಡು ಮಾತು.

ಆ ರಜೆ ಅರ್ಥವಾಗಬೇಕಾದರೆ ಅದಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗಬೇಕು. 2007ರ ಡಿಸೆಂಬರ್‌ನಲ್ಲಿ ಕೀನ್ಯಾದಲ್ಲೇ ಚುನಾವಣೆ ನಡೆದಿತ್ತು. ಕಿಬಾಕಿ ಕಿಕುಯು ಸಮುದಾಯದವರು. ಎದುರಾಳಿ ರೈಲಾ ಒಡಿಂಗಾ ಲುವೊ ಸಮುದಾಯದವರು. ಎಣಿಕೆಯ ಮೊದಲ ದಿನಗಳಲ್ಲಿ ಒಡಿಂಗಾ ಮುಂದಿದ್ದರು. ಆಮೇಲೆ ಇದ್ದಕ್ಕಿದ್ದ ಹಾಗೆ ಕಿಬಾಕಿ ಗೆದ್ದರು ಅಂತ ಘೋಷಣೆಯಾಯಿತು. ಅವತ್ತೇ ಸಂಜೆ ಗಡಿಬಿಡಿಯಲ್ಲಿ ಪ್ರಮಾಣವಚನವೂ ಮುಗಿಯಿತು. ನಂತರದ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಕೊನೆಗೆ ಕೋಫಿ ಅನ್ನಾನ್ ಬಂದು ರಾಜಿ ಮಾಡಿಸಿದರು, ಒಡಿಂಗಾ ಪ್ರಧಾನಿಯಾದರು.

ಒಬಾಮಾ ತಂದೆಯೂ ಲುವೊ. ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಜೋಕು: ಲುವೊ ಒಬ್ಬ ಕೀನ್ಯಾದ ಅಧ್ಯಕ್ಷ ಆಗೋ ಮೊದಲು ಅಮೆರಿಕದ ಅಧ್ಯಕ್ಷ ಆಗಿಬಿಡ್ತಾನೆ. ಎಲ್ಲರೂ ನಗುತ್ತಿದ್ದರು. ಲುವೊ ಜನ ಮಾತ್ರ ಸ್ವಲ್ಪ ತಡವಾಗಿ ನಗುತ್ತಿದ್ದರು.

ಫಲಿತಾಂಶ ಬಂದಾಗ ನೈರೋಬಿಯಲ್ಲಿ ಬೆಳಿಗ್ಗೆ ಏಳು ಗಂಟೆ. ನಮ್ಮ ಆಫೀಸಿನಲ್ಲಿ ಗಲಭೆಯಾದಾಗಿನಿಂದ ಮುಖ ಕೊಟ್ಟು ಮಾತಾಡದ ಇಬ್ಬರಿದ್ದರು. ಒಬ್ಬ ಕಿಕುಯು, ಒಬ್ಬ ಲುವೊ. ಅವತ್ತು ಟೀವಿ ಮುಂದೆ ಇಬ್ಬರೂ ಪಕ್ಕಪಕ್ಕ ನಿಂತಿದ್ದರು. ನನಗೆ ನೆನಪಿರುವುದು ಒಬಾಮಾ ಭಾಷಣ ಅಲ್ಲ. ಅದಕ್ಕೂ ಮುಂಚೆ ಅವರ ಎದುರಾಳಿ ಮೆಕೇನ್ ಬಂದು ಸೋಲೊಪ್ಪಿಕೊಂಡು ಮಾತಾಡಿದರು. ಅವರ ಬೆಂಬಲಿಗರು ಒಬಾಮಾ ಹೆಸರು ಕೇಳಿ ಕೂಗು ಹಾಕಿದಾಗ ಕೈ ಎತ್ತಿ ಸುಮ್ಮನಿರಿಸಿದರು. ಆ ಲುವೊ ಗೆಳೆಯ ಟೀವಿ ಕಡೆ ಬೆರಳು ತೋರಿಸಿ ಕೇಳಿದ, "ಅಷ್ಟೇನಾ? ಮುಗೀತಾ?" ಪಕ್ಕದಲ್ಲಿದ್ದ ಕಿಕುಯು ಗೆಳೆಯ "ಮುಗೀತು" ಅಂದ. ಅವರಿಬ್ಬರೂ ಆ ವರ್ಷ ನನ್ನೆದುರು ಆಡಿದ ಮೊದಲ ಮಾತು ಅದೇ.

ಸಂಜೆಗಣ್ಣು

ರೇಡಿಯೊ ಸರ್, ಓದಿ ಮೈ ಜುಂ ಅಂತು. ಇಂಥ ಸಂಗತಿ ಪೇಪರಿನಲ್ಲಿ ಬರೋದೇ ಇಲ್ಲ.

ತಕರಾರು ತಮ್ಮಯ್ಯ

ಕಥೆ ಚೆನ್ನಾಗಿದೆ ಸರ್, ಒಪ್ಪಿದೆ. ಆದರೆ ಒಡಿಂಗಾ ಏನಾದರು? 1997, 2007, 2013, 2017, 2022. ಐದು ಸಲ ನಿಂತರು, ಒಂದು ಸಲವೂ ಅಧ್ಯಕ್ಷರಾಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಚಿಕಿತ್ಸೆಗೆಂದು ಕೇರಳಕ್ಕೆ ಬಂದಿದ್ದಾಗ ತೀರಿಕೊಂಡರು. ಆ ಜೋಕು ಇವತ್ತಿಗೂ ಜೋಕಾಗಿಯೇ ಉಳಿದಿದೆ. ಎಲ್ಲಿ ಹೋಯಿತು ನಿಮ್ಮ ಭರವಸೆ?

ಲೆಕ್ಕದ ಮೇಷ್ಟ್ರು

ನಾನೂ ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರಾಗಬೇಡಿ.

ಆಫ್ರಿಕಾದ ಜನಕ್ಕೆ ಜಾಸ್ತಿ ಉಪಯೋಗಕ್ಕೆ ಬಂದ ಅಮೆರಿಕದ ಚುನಾವಣೆ ಯಾವುದು? ನನ್ನ ಲೆಕ್ಕದಲ್ಲಿ 2008ರದ್ದಲ್ಲ, 2000ದ್ದು. ಫ್ಲಾರಿಡಾದಲ್ಲಿ ಬರೀ 537 ಓಟಿನ ಅಂತರ, ಮರುಎಣಿಕೆ ಜಗಳ, ಸುಪ್ರೀಂ ಕೋರ್ಟು, ಎಲ್ಲ ಆಗಿ ಬುಷ್ ಬಂದರು. ಅವತ್ತು ಆಫ್ರಿಕಾದ ಯಾವ ಹಳ್ಳಿಯಲ್ಲೂ ಯಾರೂ ಕುಣಿದದ್ದು ನಾನು ಕೇಳಿಲ್ಲ. 2003ರಲ್ಲಿ ಅದೇ ಬುಷ್ ಪೆಪ್‌ಫಾರ್ ಅನ್ನುವ ಏಡ್ಸ್ ಯೋಜನೆ ತಂದರು. ಮೊದಲ ಐದು ವರ್ಷಕ್ಕೆ 1,500 ಕೋಟಿ ಡಾಲರ್. ಅದರಿಂದ ಉಳಿದ ಜೀವ ಎರಡೂವರೆ ಕೋಟಿ ಅಂತ ಅಮೆರಿಕ ಸರ್ಕಾರವೇ ಲೆಕ್ಕ ಕೊಟ್ಟಿದೆ. ಅದೇ ವರ್ಷ ಅದೇ ಮನುಷ್ಯ ಇರಾಕ್ ಮೇಲೆ ಯುದ್ಧಕ್ಕೂ ಹೋದ, ಅದು ಬೇರೆ ಮಾತು.

ಒಬಾಮಾಗೆ ಅಧಿಕಾರಕ್ಕೆ ಬಂದು ವರ್ಷ ತುಂಬುವ ಮೊದಲೇ ನೊಬೆಲ್ ಶಾಂತಿ ಪ್ರಶಸ್ತಿ. ಆಮೇಲೆ ಪಾಕಿಸ್ತಾನ, ಯೆಮೆನ್, ಸೊಮಾಲಿಯಾದಲ್ಲಿ ಡ್ರೋನ್ ದಾಳಿ ಜಾಸ್ತಿಯಾಯಿತು. 2009ರಲ್ಲಿ ಕೈರೊದಲ್ಲಿ ಅವರ ಭಾಷಣ ಕೇಳಿ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನ ಕೊನೆಯವರೆಗೂ ತಟ್ಟಿದರು? ಕೀನ್ಯಾಕ್ಕೆ ಅಧ್ಯಕ್ಷರಾಗಿ ಬಂದದ್ದು 2015ರಲ್ಲಿ. ಆಗಲೂ ಕೊಗೆಲೊಗೆ ಹೋಗಲಿಲ್ಲ. ಹೋದದ್ದು 2018ರಲ್ಲಿ, ಕುರ್ಚಿ ಬಿಟ್ಟ ಮೇಲೆ.

ಕುಣಿತಕ್ಕೂ ಉಪಯೋಗಕ್ಕೂ ತಾಳೆಯೇ ಆಗುವುದಿಲ್ಲ ಅಂತ ಹೇಳಿದೆ ಅಷ್ಟೇ.

ಚುಕ್ಕಿ

ಮೇಷ್ಟ್ರೇ, ಉಪಯೋಗಕ್ಕೆ ಕುಣಿದರು ಅಂತ ಯಾರು ಹೇಳಿದರು? ಅನುದಾನ ಬಂದರೆ ಜನ ಥ್ಯಾಂಕ್ಸ್ ಹೇಳುತ್ತಾರೆ, ಕುಣಿಯುವುದಿಲ್ಲ. ಎರಡೂ ಬೇರೆ ಬೇರೆ.

ಆದರೂ ಕೊಗೆಲೊಗೆ ಏನೂ ಸಿಗಲಿಲ್ಲ ಅನ್ನಬೇಡಿ. ಗೆದ್ದ ಕೆಲವೇ ದಿನಗಳಲ್ಲಿ ಅಜ್ಜಿ ಸಾರಾ ಒಬಾಮಾ ಮನೆಗೆ ಕರೆಂಟ್ ಬಂತು. ತಂದದ್ದು ಅಮೆರಿಕ ಅಲ್ಲ, ಕೀನ್ಯಾ ಸರ್ಕಾರ. ಪ್ರಪಂಚದ ಕ್ಯಾಮೆರಾಗಳೆಲ್ಲ ಅಂಗಳದಲ್ಲಿ ನಿಂತಿದ್ದವಲ್ಲ, ಕತ್ತಲೆ ತೋರಿಸೋಕೆ ನಾಚಿಕೆ. ಅಲ್ಲಿವರೆಗೆ ಲುವೊ ಸೀಮೆ ಅಂದರೆ ವಿರೋಧ ಪಕ್ಷದ ಸೀಮೆ, ಅದಕ್ಕೆ ಕೊನೆ ಪಂಕ್ತಿ.

ತಕರಾರು ತಮ್ಮಯ್ಯ

ಒಂದು ಮನೆಗೆ ಕರೆಂಟ್ ಬಂತು. ಜೈ.

ಗುಬ್ಬಿಮರಿ

ಸೀರಿಯಸ್ ಆಗಬೇಡಿ, ನಾನು ಸ್ವಲ್ಪ ದಾರಿ ತಪ್ಪಿಸುತ್ತೇನೆ. ಜಪಾನಿನ ಫುಕುಯಿ ಪ್ರಾಂತ್ಯದಲ್ಲಿ ಒಬಾಮಾ ಅನ್ನುವ ಊರೇ ಇದೆ. ಈ ಒಬಾಮಾಗೂ ಆ ಒಬಾಮಾಗೂ ರಕ್ತವೂ ಇಲ್ಲ, ನೆಂಟಸ್ತನವೂ ಇಲ್ಲ. ಹೆಸರು ಒಂದೇ, ಅಷ್ಟೇ! ಆದರೂ ಅವರು ಬೆಂಬಲಿಗರ ಸಂಘ ಕಟ್ಟಿದರು. ಒಬಾಮಾ ಹುಟ್ಟಿದ್ದು ಹವಾಯಿಯಲ್ಲಿ ಅಂತ ಹವಾಯಿಯ ಹೂಲಾ ಕುಣಿತ ಕಲಿತು ಕುಣಿದರು. ತಮ್ಮೂರಿನ ಮೆರುಗೆಣ್ಣೆಯ ಚಾಪ್‌ಸ್ಟಿಕ್ ಉಡುಗೊರೆ ಕಳಿಸಿದರು.

ಐರ್ಲೆಂಡಿನಲ್ಲಿ ಮನಿಗಾಲ್ ಅಂತ ಒಂದು ಪುಟ್ಟ ಊರು. ಒಬಾಮಾ ತಾಯಿಯ ಕಡೆಯ ಪೂರ್ವಜ, ಚಮ್ಮಾರನ ಮಗ, 1850ರಲ್ಲಿ ಅಲ್ಲಿಂದ ಅಮೆರಿಕಕ್ಕೆ ಹೋದವನು. ಬರಗಾಲದ ಕಾಲ ಅದು. 2011ರ ಮೇ ತಿಂಗಳಲ್ಲಿ ಒಬಾಮಾ ಅಲ್ಲಿಗೆ ಹೋಗಿ ಪಬ್ಬಿನಲ್ಲಿ ಬಿಯರ್ ಕುಡಿದರು. ಈಗ ಹೆದ್ದಾರಿ ಪಕ್ಕ "ಬರಾಕ್ ಒಬಾಮಾ ಪ್ಲಾಜಾ" ಇದೆ. ಪೆಟ್ರೋಲ್ ಹಾಕಿಸಬಹುದು, ಬರ್ಗರ್ ತಿನ್ನಬಹುದು. ನಾನಂತೂ ಫೋಟೊ ನೋಡಿ ಬಿದ್ದು ಬಿದ್ದು ನಕ್ಕೆ.

ತಕರಾರು ತಮ್ಮಯ್ಯ

ನೋಡಿ, ಗುಬ್ಬಿಮರಿ ನನ್ನ ಪರ ಸಾಕ್ಷಿ ಹೇಳಿದರು. ಹೆಸರು ಒಂದೇ ಆದರೂ ಕುಣಿಯುತ್ತಾರೆ. ಕಮಲಾ ಸೋತ ದಿನ ತುಳಸೇಂದ್ರಪುರ ಮಂಕಾಗಿದ್ದರೆ, ಅದೇ ದಿನ ಆಂಧ್ರದ ವಡ್ಲೂರಿನಲ್ಲಿ ಹಬ್ಬ. ಟ್ರಂಪ್ ಜೊತೆ ಉಪಾಧ್ಯಕ್ಷರಾಗಿ ಗೆದ್ದ ಜೆ.ಡಿ. ವ್ಯಾನ್ಸ್ ಹೆಂಡತಿ ಉಷಾ ಅವರ ಹಿರಿಯರ ಊರು ಅದು. ಎರಡು ಪಕ್ಷಕ್ಕೂ ಅಜಗಜಾಂತರ. ಎರಡು ಊರಿಗೂ ಅದು ಬೇಕಾಗಿಲ್ಲ. ಗರ್ಭಪಾತದ ಕಾನೂನು, ವಲಸೆ ನೀತಿ, ಸುಂಕ, ಇದನ್ನೆಲ್ಲ ನೋಡಿ ಪೂಜೆ ಮಾಡಿಸಿದವರು ಯಾರಾದರೂ ಇದ್ದಾರಾ?

ಸ್ಲೊವೇನಿಯಾದ ಸೆವ್ನಿತ್ಸಾ ಹತ್ತಿರ ಮೆಲಾನಿಯಾ ಟ್ರಂಪ್ ಅವರ ಮರದ ಪ್ರತಿಮೆ ನಿಲ್ಲಿಸಿದ್ದರು. 2020ರಲ್ಲಿ ಯಾರೋ ಬೆಂಕಿ ಇಟ್ಟರು. ಆಮೇಲೆ ಕಂಚಿನದ್ದು ಬಂತು. ಇದರಲ್ಲಿ ಭರವಸೆ ಯಾವುದು, ಪ್ರವಾಸೋದ್ಯಮ ಯಾವುದು, ನೀವೇ ವಿಂಗಡಿಸಿ.

ಅರೆಬರೆ ಓದುಗ

ಸುನಕ್ ಬ್ರಿಟನ್ ಪ್ರಧಾನಿಯಾದಾಗ ನಮ್ಮವರು ಮಾಡಿದ ಗಲಾಟೆಯೇನು ಕಡಿಮೆಯಾ! ಅಳಿಯ ಅಳಿಯ ಅಂತ.

ಶಾಸನಪ್ರಿಯ

ಅದು ಚುನಾವಣೆಯೇ ಅಲ್ಲ ಸ್ವಾಮಿ. 2022ರ ಅಕ್ಟೋಬರ್‌ನಲ್ಲಿ ಪಕ್ಷದ ಸಂಸದರು ನಾಯಕನನ್ನಾಗಿ ಆರಿಸಿದ್ದು. ಜನರ ಮುಂದೆ ಹೋದದ್ದು 2024ರ ಜುಲೈ 4ಕ್ಕೆ. ಅವತ್ತು ಅವರ ಪಕ್ಷ 121 ಸೀಟಿಗೆ ಇಳಿಯಿತು.

ಮತಪೆಟ್ಟಿಗೆ

ನಕ್ಷೆಪುಸ್ತಕ ಅವರು ಅಮೆರಿಕ ಬಿಟ್ಟು ಬೇರೆ ಹೇಳಿ ಅಂದರು, ಯಾರೂ ಅಮೆರಿಕ ಬಿಡುತ್ತಿಲ್ಲ. ನಾನು ಗ್ಯಾಂಬಿಯಾ ಹೇಳುತ್ತೇನೆ. ಪಶ್ಚಿಮ ಆಫ್ರಿಕಾದಲ್ಲಿ ನದಿಯ ಎರಡೂ ದಡ ಹಿಡಿದು ಮಲಗಿರುವ ಚಿಕ್ಕ ದೇಶ.

ಅಲ್ಲಿ ಓಟು ಹಾಕುವುದು ಗೋಲಿಯಲ್ಲಿ. ನಿಜ, ಗಾಜಿನ ಗೋಲಿ! 1960ರ ದಶಕದಲ್ಲಿ ಓದು ಬರದವರಿಗೂ ಸುಲಭವಾಗಲಿ ಅಂತ ಮಾಡಿದ ವ್ಯವಸ್ಥೆ. ಮತಗಟ್ಟೆಯ ಒಳಗೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಡ್ರಮ್ಮು, ಮೇಲೆ ಅವರ ಫೋಟೊ. ಡ್ರಮ್ಮಿಗೆ ಒಂದು ಕೊಳವೆ. ಕೈಗೆ ಕೊಟ್ಟ ಗೋಲಿಯನ್ನು ಕೊಳವೆಯೊಳಗೆ ಬಿಟ್ಟರೆ ಅದು ಉರುಳಿ ಹೋಗಿ ಒಳಗಿನ ಗಂಟೆಗೆ ತಾಗುತ್ತದೆ. ಟಿಂಗ್. ಒಂದು ಸಲ ಟಿಂಗ್ ಅಂದರೆ ಒಂದು ಓಟು. ಎರಡು ಸಲ ಅಂದರೆ ಹೊರಗಿದ್ದವರಿಗೆ ಗೊತ್ತಾಗುತ್ತದೆ. ಕೆಳಗೆ ಬಿದ್ದ ಗೋಲಿ ಮತ್ತೆ ಸದ್ದು ಮಾಡದಿರಲಿ ಅಂತ ತಳದಲ್ಲಿ ಮರಳೋ ಮರದ ಹೊಟ್ಟೋ ಹಾಕಿರುತ್ತಾರೆ. ಆ ಗಂಟೆ ಸೈಕಲ್ ಬೆಲ್ಲಿನ ಹಾಗೇ ಕೇಳುವುದರಿಂದ ಮತದಾನದ ದಿನ ಮತಗಟ್ಟೆ ಹತ್ತಿರ ಸೈಕಲ್ ಬಿಡುವುದಿಲ್ಲ.

1994ರಲ್ಲಿ ದಂಗೆ ಎದ್ದು ಕುರ್ಚಿ ಹಿಡಿದ ಯಾಹ್ಯಾ ಜಮ್ಮೆ 22 ವರ್ಷ ಆಳಿದ. ದೇವರಿಚ್ಛೆ ಇದ್ದರೆ ನೂರು ಕೋಟಿ ವರ್ಷ ಆಳುತ್ತೇನೆ ಅನ್ನುತ್ತಿದ್ದ ಮನುಷ್ಯ. 2016ರ ಡಿಸೆಂಬರ್ 1ರಂದು ಗೋಲಿಗಳು ಅವನ ವಿರುದ್ಧ ಬಿದ್ದವು. ಗೆದ್ದದ್ದು ಅಡಾಮಾ ಬ್ಯಾರೊ. ಒಂದು ಕಾಲದಲ್ಲಿ ಲಂಡನ್ನಿನ ಅಂಗಡಿಯಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದವರು. ಜಮ್ಮೆ ಟೀವಿಯಲ್ಲೇ ಫೋನ್ ಮಾಡಿ ಸೋಲೊಪ್ಪಿದ. ವಾರ ಕಳೆದ ಮೇಲೆ "ಒಪ್ಪಲ್ಲ" ಅಂದ. ಬ್ಯಾರೊ ಪಕ್ಕದ ಸೆನೆಗಲ್‌ನ ಡಕಾರಿನಲ್ಲಿ, ತಮ್ಮ ದೇಶದ ರಾಯಭಾರ ಕಚೇರಿಯೊಳಗೆ ಪ್ರಮಾಣವಚನ ತೆಗೆದುಕೊಂಡರು. ಪಶ್ಚಿಮ ಆಫ್ರಿಕಾದ ದೇಶಗಳು ಸೇನೆ ಕಳಿಸಿದವು. 2017ರ ಜನವರಿ 21ರಂದು ಜಮ್ಮೆ ವಿಮಾನ ಹತ್ತಿದ.

ಕುಲ, ರಕ್ತ, ಹೆಸರು, ಯಾವ ನಂಟೂ ಇಲ್ಲದ ನನಗೆ ಇದು ಯಾಕೆ ಖುಷಿ ಕೊಟ್ಟಿತು? ತಮ್ಮಯ್ಯನವರು ಉತ್ತರ ಕೊಡಲಿ.

ಗುಬ್ಬಿಮರಿ

ಸೈಕಲ್ ಬಿಡಲ್ವಾ!! ಇವತ್ತಿನ ನನ್ನ ದಿನ ಸಾರ್ಥಕ.

ತಕರಾರು ತಮ್ಮಯ್ಯ

ಉತ್ತರ ಇದೆ. ಬ್ಯಾರೊ ಏನು ಮಾತು ಕೊಟ್ಟಿದ್ದರು? ಮೂರೇ ವರ್ಷ ಇದ್ದು ಹೊಸ ಚುನಾವಣೆ ಮಾಡಿಸುತ್ತೇನೆ ಅಂತ. ಮೂರು ವರ್ಷ ಆಯಿತು, ಇಳಿಯಲಿಲ್ಲ. ಮಾತು ಉಳಿಸಿಕೊಳ್ಳಿ ಅಂತ ಬೀದಿಗಿಳಿದವರ ಸಂಘಟನೆಯನ್ನೇ ನಿಷೇಧಿಸಿದರು. 2021ರಲ್ಲಿ ಮತ್ತೆ ನಿಂತು ಗೆದ್ದರು. ನಿಮ್ಮ ಖುಷಿಗೆ ವಾಯಿದೆ ಮೂರೇ ವರ್ಷ.

ಮತಪೆಟ್ಟಿಗೆ

ಅದು ನಿಜ. ಆದರೆ 2021ರಲ್ಲೂ ಗೋಲಿಯೇ, ಗಂಟೆಯೇ, ಎದುರಾಳಿಗಳೂ ಇದ್ದರು. ನನಗೆ ಬ್ಯಾರೊ ಯಾವತ್ತೂ ಹೀರೊ ಆಗಿರಲಿಲ್ಲ. ನನ್ನ ಹೀರೊ ಆ ಡ್ರಮ್ಮು.

ದಿಕ್ಸೂಚಿ

ಗ್ಯಾಂಬಿಯಾದಿಂದ ಪಾಠ ಕಲಿತವರು ಜನ ಮಾತ್ರ ಅಲ್ಲ, ಕುರ್ಚಿ ಬಿಡದವರೂ ಕಲಿತರು. ಜಮ್ಮೆ ಕೂಡ ಮತದಾನದ ಹಿಂದಿನ ರಾತ್ರಿ ಇಂಟರ್ನೆಟ್ ಕಡಿದಿದ್ದ. 2021ರ ಜನವರಿಯಲ್ಲಿ ಉಗಾಂಡಾ ಅದನ್ನೇ ಮಾಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಜಾಂಬಿಯಾದಲ್ಲಿ ವಾಟ್ಸಾಪ್‌ಗೆ ತಡೆ ಹಾಕಿದರು, ಕೋರ್ಟು ತೆರವು ಮಾಡಿಸಿತು. ಅಲ್ಲಿ ಗೆದ್ದದ್ದು ಹಕೈಂಡೆ ಹಿಚಿಲೆಮಾ, ಆರನೇ ಪ್ರಯತ್ನದಲ್ಲಿ! ಅಧ್ಯಕ್ಷರ ಕಾರುಗಳಿಗೆ ದಾರಿ ಬಿಡಲಿಲ್ಲ ಅನ್ನುವ ಗಲಾಟೆಯಿಂದ ದೇಶದ್ರೋಹದ ಕೇಸು ಬಿದ್ದು 2017ರಲ್ಲಿ ಜೈಲಿನಲ್ಲಿದ್ದವರು.

ಒಂದು ಕಡೆ ಗೆಲುವು ನೋಡಿ ಹತ್ತು ದೇಶದ ವಿರೋಧ ಪಕ್ಷಗಳು ಹುರುಪಾಗುತ್ತವೆ. ಅದೇ ಗೆಲುವು ನೋಡಿ ಹತ್ತು ದೇಶದ ಸರ್ಕಾರಗಳು ಎಚ್ಚರವಾಗುತ್ತವೆ. ಎರಡನೆಯವರು ಬೇಗ ಕಲಿಯುತ್ತಾರೆ ಅನ್ನುವುದು ನನ್ನ ಗುಮಾನಿ.

ಲೆಕ್ಕದ ಮೇಷ್ಟ್ರು

ಹುರುಪು ಮಾತ್ರ ಅಲ್ಲ, ಹೆದರಿಕೆಯೂ ಹರಡುತ್ತದೆ. ಪೆರು ದೇಶದ ಉದಾಹರಣೆ ಕೇಳಿ.

1990ರಲ್ಲಿ ಆಲ್ಬರ್ಟೊ ಫುಜಿಮೊರಿ ಗೆದ್ದಾಗ ಜಪಾನಿನ ಕುಮಾಮೊಟೊದಲ್ಲಿ ಖುಷಿಯೋ ಖುಷಿ. ಅಪ್ಪ ಅಮ್ಮ ಅಲ್ಲಿಂದ ವಲಸೆ ಹೋದವರು. ಆದರೆ ಪೆರುವಿನೊಳಗೇ ಇದ್ದ ಜಪಾನಿ ಮೂಲದವರು? ಹಲವರಿಗೆ ಅವರು ನಿಲ್ಲುವುದೇ ಬೇಡವಾಗಿತ್ತು. 1940ರಲ್ಲಿ ಲಿಮಾ ನಗರದಲ್ಲಿ ಜಪಾನಿಯರ ಅಂಗಡಿ ಮನೆಗಳನ್ನು ಲೂಟಿ ಮಾಡಿದ್ದರು. ಎರಡನೇ ಮಹಾಯುದ್ಧದಲ್ಲಿ ಸುಮಾರು 1,800 ಜನರನ್ನು ಹಿಡಿದು ಅಮೆರಿಕದ ಶಿಬಿರಗಳಿಗೆ ಸಾಗಿಸಿದ್ದರು. ತಲೆ ತಗ್ಗಿಸಿ ಬದುಕುವುದನ್ನು ಕಲಿತ ಸಮುದಾಯ ಅದು. ಇವನು ಅಧಿಕಾರಕ್ಕೆ ಬಂದು ಏನಾದರೂ ಎಡವಟ್ಟು ಮಾಡಿದರೆ ಏಟು ನಮಗೆ ಬೀಳುತ್ತದೆ ಅನ್ನುವ ಭಯ ಹಿರಿಯರಿಗಿತ್ತು.

ಎಡವಟ್ಟೂ ಆಯಿತು. 1992ರಲ್ಲಿ ಸಂಸತ್ತನ್ನೇ ಮುಚ್ಚಿದರು. 2000ದಲ್ಲಿ ಹಗರಣ ಬಯಲಾದಾಗ ಜಪಾನಿಗೆ ಹೋಗಿ ಅಲ್ಲಿಂದ ಫ್ಯಾಕ್ಸ್‌ನಲ್ಲಿ ರಾಜೀನಾಮೆ ಕಳಿಸಿದರು. 2009ರಲ್ಲಿ 25 ವರ್ಷ ಜೈಲು ಶಿಕ್ಷೆಯಾಯಿತು.

ದೂರದಲ್ಲಿ ಕೂತವರಿಗೆ ಖುಷಿ ಪುಕ್ಕಟೆ. ಹತ್ತಿರದಲ್ಲಿರುವ ನೆಂಟರಿಗೆ ಅದರ ಬಿಲ್ಲು ಬರುತ್ತದೆ.

ಸಂಜೆಗಣ್ಣು

ಮೇಷ್ಟ್ರ ಮಾತಿಗೆ ಮ್ಯಾನ್ಮಾರ್ ಸೇರಿಸುತ್ತೇನೆ. 2015ರ ನವೆಂಬರ್ 8. ಆಂಗ್ ಸಾನ್ ಸೂಕಿ ಪಕ್ಷ ಭಾರಿ ಬಹುಮತದಿಂದ ಗೆದ್ದಾಗ ನಾನೂ ಕೂತು ಲೈವ್ ನೋಡಿದ್ದೆ. ಯಾಂಗೂನ್‌ನಲ್ಲಿ ಜನ ಮಳೆಯಲ್ಲಿ ಕೆಂಪು ಬಾವುಟ ಹಿಡಿದು ಹಾಡುತ್ತಿದ್ದರು. ಆದರೆ ಅದೇ ಚುನಾವಣೆಯಲ್ಲಿ ರೋಹಿಂಗ್ಯಾ ಜನಕ್ಕೆ ಓಟೇ ಇರಲಿಲ್ಲ. 2010ರಲ್ಲಿ ತಾತ್ಕಾಲಿಕ ಬಿಳಿ ಕಾರ್ಡು ತೋರಿಸಿ ಓಟು ಹಾಕಿದ್ದವರ ಕಾರ್ಡನ್ನೇ 2015ರಲ್ಲಿ ರದ್ದು ಮಾಡಿದ್ದರು. ಸಂಭ್ರಮದ ಗದ್ದಲದಲ್ಲಿ ದೂರದ ನಮಗೆ ಅದು ಕೇಳಿಸಲೇ ಇಲ್ಲ. ಎರಡು ವರ್ಷದಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. 2019ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಸೂಕಿ ತಾವೇ ನಿಂತು ದೇಶದ ಪರ ವಾದಿಸಿದರು. 2021ರ ಫೆಬ್ರುವರಿ 1ಕ್ಕೆ ಸೇನೆ ಅವರನ್ನೂ ಒಳಗೆ ಹಾಕಿತು.

ಈಗ ಯಾವುದೇ ದೇಶದ ಗೆಲುವು ನೋಡಿದರೂ ನಾನು ಮೊದಲು ಹುಡುಕುವುದು ಮತದಾರರ ಪಟ್ಟಿಯಲ್ಲಿ ಯಾರ ಹೆಸರಿಲ್ಲ ಅಂತ.

ಚುಕ್ಕಿ

ಪಟ್ಟಿಯ ಮಾತು ಬಂತಲ್ಲ. ನಮ್ಮ 1951-52ರ ಮೊದಲ ಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ.

ಶಾಸನಪ್ರಿಯ

ಚುಕ್ಕಿ ಮೇಡಂ, ಒಳ್ಳೆ ಹೆಸರು ಎತ್ತಿದಿರಿ. ಇದೇ ಸೇನ್ ಈ ಚರ್ಚೆಗೆ ನೇರ ಸಂಬಂಧ ಪಟ್ಟವರು. ಇಲ್ಲಿವರೆಗೆ ಎಲ್ಲರೂ "ಅಲ್ಲಿ ಗೆದ್ದರೆ ಇಲ್ಲಿ ಖುಷಿ" ಅಂತಲೇ ಮಾತಾಡಿದ್ದೇವೆ. ನಮ್ಮ ಚುನಾವಣೆಯೂ ಇನ್ಯಾರಿಗೋ ದೂರದ ಚುನಾವಣೆ, ಅಲ್ವಾ?

17 ಕೋಟಿಗೂ ಹೆಚ್ಚು ಮತದಾರರು, ಬಹುಪಾಲು ಜನಕ್ಕೆ ಓದು ಬರದು, ಅದಕ್ಕೇ ಪಕ್ಷಕ್ಕೊಂದು ಚಿಹ್ನೆ. ಇದು ನಡೆಯಲ್ಲ ಅಂದವರೇ ಜಾಸ್ತಿ. ನಡೆದ ಮೇಲೆ ಸುಡಾನ್‌ನ ಮೊದಲ ಚುನಾವಣೆ ನಡೆಸಿಕೊಡುವ ಅಂತರರಾಷ್ಟ್ರೀಯ ಆಯೋಗಕ್ಕೆ ಸುಕುಮಾರ್ ಸೇನ್ ಅವರನ್ನೇ ಅಧ್ಯಕ್ಷರನ್ನಾಗಿ ಕರೆದರು. 1953ರಲ್ಲಿ ಅವರು ತಿಂಗಳುಗಟ್ಟಲೆ ಅಲ್ಲೇ ಇದ್ದು ಮತದಾನ ಮಾಡಿಸಿದರು. ಸುಡಾನಿನವರು ನೆಹರು ಗೆದ್ದರು ಅಂತ ಸೇನ್ ಅವರನ್ನು ಕರೆಸಿದ್ದಲ್ಲ. ಓದು ಬಾರದವರ ದೇಶದಲ್ಲೂ ಮತಪೆಟ್ಟಿಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಯಿತು, ಅದಕ್ಕೆ ಕರೆಸಿದ್ದು.

ನಾನು ಗೆಲುವಿನ ಭರವಸೆಗೆ ಕಡಿಮೆ ಮಾರ್ಕ್ಸ್ ಕೊಡುತ್ತೇನೆ, ಕಟ್ಟುಪಾಡಿನ ಭರವಸೆಗೆ ಜಾಸ್ತಿ. ಇನ್ನೊಂದು ನೋಡಿ. 2017ರ ಸೆಪ್ಟೆಂಬರ್ 1ರಂದು ಕೀನ್ಯಾದ ಸುಪ್ರೀಂ ಕೋರ್ಟು ಅಧ್ಯಕ್ಷೀಯ ಚುನಾವಣೆಯನ್ನೇ ರದ್ದು ಮಾಡಿತು. ಆಫ್ರಿಕಾದಲ್ಲಿ ಅದು ಮೊದಲು. ಎರಡನೆಯದು ಮಲಾವಿ. 2019ರ ಚುನಾವಣೆಯಲ್ಲಿ ಎಣಿಕೆ ಹಾಳೆಗಳ ಮೇಲೆ ವೈಟ್ನರ್ ಹಚ್ಚಿ ಅಂಕಿ ತಿದ್ದಿದ್ದರು. ಜನ ತಿಂಗಳುಗಟ್ಟಲೆ ಬೀದಿಯಲ್ಲಿ ನಿಂತರು. 2020ರ ಫೆಬ್ರುವರಿ 3ರಂದು ಐವರು ನ್ಯಾಯಾಧೀಶರು ಗುಂಡು ನಿರೋಧಕ ಜಾಕೆಟ್ ತೊಟ್ಟು, ಸೇನೆಯ ಕಾವಲಿನಲ್ಲಿ ಕೋರ್ಟಿಗೆ ಬಂದು, ಗಂಟೆಗಟ್ಟಲೆ ತೀರ್ಪು ಓದಿ ಚುನಾವಣೆ ರದ್ದು ಮಾಡಿದರು. ಮರುಚುನಾವಣೆಯಲ್ಲಿ ಲಾಜರಸ್ ಚಕ್ವೇರಾ ಗೆದ್ದರು.

ತಕರಾರು ತಮ್ಮಯ್ಯ

ಕೀನ್ಯಾದಲ್ಲಿ ರದ್ದಾದ ಮೇಲೆ ಏನಾಯಿತು, ಅದನ್ನೂ ಹೇಳಿ ಸರ್. ಮರುಚುನಾವಣೆಯನ್ನು ಒಡಿಂಗಾ ಬಹಿಷ್ಕರಿಸಿದರು, ಆಗಿನ ಅಧ್ಯಕ್ಷ ಉಹುರು ಕೆನ್ಯಾಟ್ಟಾ ಶೇ. 98 ಓಟು ತಗೊಂಡು ಕೂತರು. ಸುಡಾನಿನಲ್ಲಿ 1958ರಲ್ಲೇ ಸೇನೆ ದಂಗೆ ಎದ್ದಿತು. ಮಲಾವಿಯಲ್ಲಿ 2025ರ ಸೆಪ್ಟೆಂಬರ್‌ನಲ್ಲಿ 2019ರಲ್ಲಿ ಗೆದ್ದರು ಅಂತ ಘೋಷಣೆಯಾಗಿದ್ದ ಅದೇ ಹಳೇ ಅಧ್ಯಕ್ಷ ಮುಥಾರಿಕಾ, 85ರ ವಯಸ್ಸಿನಲ್ಲಿ, ಮತ್ತೆ ಗೆದ್ದು ಬಂದರು. ವೈಟ್ನರ್ ಕಾಲದ ಅದೇ ಮುಥಾರಿಕಾ!

ಹಳೇ ರೇಡಿಯೊ

ತಮ್ಮಯ್ಯನವರೇ, ಮಲಾವಿಯ ವಿಷಯದಲ್ಲಿ ನೀವು ಹೇಳಿದ್ದು ನನ್ನ ಪರವಾಗಿಯೇ ಇದೆ. 2025ರಲ್ಲಿ ಕುರ್ಚಿಯಲ್ಲಿದ್ದ ಚಕ್ವೇರಾ ಸೋತರು. ಸೋಲು ಒಪ್ಪಿಕೊಂಡರು, ಇಳಿದರು. ಯಾರು ಬಂದರು ಅನ್ನುವುದು ಮಲಾವಿಯವರ ತಲೆನೋವು, ಬೆಲೆ ಏರಿಕೆ, ಇಂಧನದ ಕೊರತೆ ನೋಡಿ ಓಟು ಹಾಕಿದ್ದಾರೆ. ಹೊರಗಿನಿಂದ ನೋಡುವ ನನಗೆ ಬೇಕಾದದ್ದು ಹೇಗೆ ಹೋದರು ಅನ್ನುವುದು. ನೈರೋಬಿಯಲ್ಲಿ ಆ ಇಬ್ಬರಿಗೂ ಮೆಕೇನ್ ಯಾರು, ಯಾವ ಪಕ್ಷ ಅಂತ ಸರಿಯಾಗಿ ಗೊತ್ತಿರಲಿಲ್ಲ. ಅವರು ನೋಡಿದ್ದು ಸೋತವನು ಮನೆಗೆ ಹೋದದ್ದನ್ನು.

ತಕರಾರು ತಮ್ಮಯ್ಯ

ಹಾಗಾದರೆ 2020ರಲ್ಲಿ ಸೋತವನು ಮನೆಗೆ ಹೋಗಲಿಲ್ಲವಲ್ಲ? 2021ರ ಜನವರಿ 6ರಂದು ಅಮೆರಿಕದ ಸಂಸತ್ತಿಗೆ ಜನ ನುಗ್ಗಿದ್ದನ್ನೂ ಅದೇ ನೈರೋಬಿಯವರು ಅದೇ ಟೀವಿಯಲ್ಲಿ ನೋಡಿರುತ್ತಾರೆ.

ಹಳೇ ರೇಡಿಯೊ

ನೋಡಿದರು. ಆಗ ನಾನು ಅಲ್ಲಿರಲಿಲ್ಲ, ಆದರೆ ಆ ಕಿಕುಯು ಗೆಳೆಯ ಮೆಸೇಜ್ ಮಾಡಿದ್ದ. "ಇವರಿಗೂ ಒಬ್ಬ ಕೋಫಿ ಅನ್ನಾನ್ ಬೇಕಾ, ಕೇಳಿ ನೋಡು" ಅಂತ.

ಚುಕ್ಕಿ

ಹ್ಹಹ್ಹ! ಆ ಗೆಳೆಯರನ್ನು ಇಲ್ಲಿಗೂ ಕರೆತನ್ನಿ.

ದಿಕ್ಸೂಚಿ

ಒಂದೇ ದಿನ ಎರಡು ಪಾಠ ಬಂದದ್ದೂ ಇದೆ. 1989ರ ಜೂನ್ 4. ಪೋಲೆಂಡಿನಲ್ಲಿ ಅರ್ಧಂಬರ್ಧ ಸ್ವತಂತ್ರ ಚುನಾವಣೆ. ಕೆಳಮನೆಯಲ್ಲಿ ಶೇ. 35 ಸೀಟಿಗೆ ಮಾತ್ರ ಮುಕ್ತ ಸ್ಪರ್ಧೆ, ಉಳಿದದ್ದು ಆಳುವವರಿಗೇ ಮೀಸಲು. ಎರಡು ಸುತ್ತು ಮುಗಿಯುವ ಹೊತ್ತಿಗೆ ಸಾಲಿಡಾರಿಟಿ ಅನ್ನುವ ಕಾರ್ಮಿಕರ ವಿರೋಧಿ ಚಳವಳಿ ಮುಕ್ತವಾಗಿದ್ದ ಆ 161 ಸೀಟನ್ನೂ ಗೆದ್ದಿತು, ಮೇಲ್ಮನೆಯ 100ರಲ್ಲಿ 99ನ್ನೂ ಗೆದ್ದಿತು. ಅದೇ ದಿನ ಬೀಜಿಂಗ್‌ನ ತಿಯಾನನ್ಮೆನ್‌ನಲ್ಲಿ ಟ್ಯಾಂಕು. ಪೂರ್ವ ಯುರೋಪಿನ ಜನ ಎರಡನ್ನೂ ಒಟ್ಟಿಗೇ ನೋಡಿದರು. ಹೀಗೂ ಆಗಬಹುದು, ಹಾಗೂ ಆಗಬಹುದು. ಆದರೂ ಆ ಶರತ್ಕಾಲದಲ್ಲಿ ಲೈಪ್ಜಿಗ್‌ನಲ್ಲಿ, ಪ್ರಾಗ್‌ನಲ್ಲಿ ಬೀದಿಗಿಳಿದರು. ಟ್ಯಾಂಕಿನ ಚಿತ್ರ ತಲೆಯಲ್ಲಿದ್ದೂ ಇಳಿದರು. ಇದನ್ನು ಒಂದು ರಾತ್ರಿಯ ಸಂಭ್ರಮ ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

ತಕರಾರು ತಮ್ಮಯ್ಯ

ಪೋಲೆಂಡ್ ಬಿಟ್ಟುಕೊಟ್ಟೆ. ಅದೊಂದೇ.

ನಕ್ಷೆಪುಸ್ತಕ

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಚುಕ್ಕಿ ಅವರೇ, ಶಾಸನಪ್ರಿಯ ಅವರೇ, ಸುಡಾನ್ ಬಗ್ಗೆ ಬೇರೆಯಾಗಿಯೇ ಬರೆಯಿರಿ. ಆದರೆ ಒಂದು ವಿಷಯ ನನಗಿನ್ನೂ ಒಪ್ಪಿಗೆಯಾಗಿಲ್ಲ. ಕಟ್ಟುಪಾಡು ಕಟ್ಟುಪಾಡು ಅನ್ನುತ್ತೀರಿ. 1994ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನ ಮೊದಲ ಸಲ ಓಟು ಹಾಕಲು ಮೈಲುದ್ದ ಸಾಲಿನಲ್ಲಿ ನಿಂತಾಗ ಪ್ರಪಂಚವೆಲ್ಲ ಕಣ್ಣು ಒರೆಸಿಕೊಂಡದ್ದು ಕಟ್ಟುಪಾಡು ನೋಡಿ ಅಲ್ಲ. ಅಲ್ಲಿದ್ದದ್ದು ಮಂಡೇಲಾ ಮುಖ. ಯಾರು ಅನ್ನುವುದನ್ನು ಪೂರ್ತಿ ತೆಗೆದುಹಾಕಿದರೆ ಮನಸ್ಸಿಗೆ ಹತ್ತುವುದಿಲ್ಲ.

ಸಂಜೆಗಣ್ಣು

ಮಂಡೇಲಾ ಮುಖವೂ ಹೌದು. ಆದರೆ ಅವರು ಓಟು ಹಾಕಿದ್ದು ಡರ್ಬನ್ ಹತ್ತಿರದ ಇನಾಂಡಾದ ಶಾಲೆಯಲ್ಲಿ. ತಮ್ಮ ಪಕ್ಷದ ಮೊದಲ ಅಧ್ಯಕ್ಷ ಜಾನ್ ದೂಬೆ ಸಮಾಧಿ ಅಲ್ಲಿದೆ. ನನ್ನ ಮುಖ ನೋಡಬೇಡಿ, ಇವರನ್ನು ನೋಡಿ ಅಂದ ಹಾಗೆ. ಗಾಂಧೀಜಿಯ ಫೀನಿಕ್ಸ್ ಆಶ್ರಮವೂ ಅದೇ ಇನಾಂಡಾದಲ್ಲಿ.

ಗುಬ್ಬಿಮರಿ

ನನ್ನದು ಮತಪೆಟ್ಟಿಗೆ ಸರ್‌ಗೆ ಒಂದೇ ಪ್ರಶ್ನೆ. ಆ ಗೋಲಿಗಳನ್ನು ಎಣಿಸುವುದು ಹೇಗೆ? ಒಂದೊಂದಾಗಿ ಕೈಯಲ್ಲಾ?

ಮತಪೆಟ್ಟಿಗೆ

ಅಲ್ಲ. 200 ಅಥವಾ 500 ಗುಳಿ ಇರುವ ಮಣೆಗಳಿವೆ. ಡ್ರಮ್ಮಿನಿಂದ ಸುರಿದು ಗುಳಿ ತುಂಬಿಸಿದರೆ ಲೆಕ್ಕ ಕಣ್ಣಿಗೇ ಕಾಣುತ್ತದೆ. ಯಾರು ಬೇಕಾದರೂ ನೋಡಿ ಹೇಳಬಹುದು.

ತಕರಾರು ತಮ್ಮಯ್ಯ

ಗೋಲಿ ಹಾಕದೆ ಜೇಬಿಗೆ ಇಳಿಸಿಕೊಂಡು ಬಂದರೆ?

ಮತಪೆಟ್ಟಿಗೆ

ಗಂಟೆ ಬಾರಿಸಲ್ಲವಲ್ಲ ತಮ್ಮಯ್ಯನವರೇ. ಹೊರಗೆ ಕೂತ ಅಧಿಕಾರಿ ಅದಕ್ಕೇ ಕಿವಿಗೊಟ್ಟು ಕೂತಿರುತ್ತಾರೆ.